ಬೇಲಿಯೊಳಗಿನ ಅಂಗಳ

ಗಂಗಾಧರಸ್ವಾಮಿ ಮೇಷ್ಟ್ರಿಗೆ ಜರ್ಮನ್ ಬರುತ್ತದೆಂಬುದು ಚಾಮರಾಜನಗರಕ್ಕೆಲ್ಲ ಗೊತ್ತಿತ್ತು. ಗೊತ್ತಾಗುವಂತೆ ಅವರೇ ನೋಡಿಕೊಂಡಿದ್ದರು. ಮೈಸೂರಿನಲ್ಲಿ ಓದುವಾಗ ಕಲಿತ ಆ ಭಾಷೆಯ ಉದ್ದುದ್ದ ಪದಗಳನ್ನು ಬಿಚ್ಚಿ, ಇದರೊಳಗೆ ಇದಿದೆ, ಅದರೊಳಗೆ ಅದಿದೆ ಎಂದು ಸಿಕ್ಕಸಿಕ್ಕವರಿಗೆ ತೋರಿಸುವ ಚಟ ಅವರದು. ಆ ಚಟವೇ 1953ರ ಒಂದು ಬೆಳಿಗ್ಗೆ ಕುತ್ತಿಗೆಗೆ ಬಂತು.

ಗುಂಡ್ಲುಪೇಟೆಯಿಂದ ಮೊದಲ ಬಸ್ಸಿಗೆ ಬಂದ ಪುಟ್ಟಸಿದ್ದಮ್ಮ ಮೇಷ್ಟ್ರ ಮನೆಯ ಜಗಲಿಯ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿ ಒಂದು ಕಾಗದ ತೆಗೆದಳು. ಅವಳ ಮಗ ರಾಚಯ್ಯ ಯುದ್ಧಕ್ಕೆ ಹೋಗಿ ಜರ್ಮನರ ಕೈಗೆ ಸೆರೆ ಸಿಕ್ಕವನು. ಹನ್ನೊಂದು ವರ್ಷದಿಂದ ಸುದ್ದಿಯೇ ಇರಲಿಲ್ಲ.

"ನಮ್ಮೂರಲ್ಲಿ ಯಾರ್ಗೂ ಓದಾಕ್ ಆಗ್ನಿಲ್ಲ ಬುದ್ಧಿ. ನನ್ ಮಗ ಎಲ್ಲವ್ನಂತೆ, ಓದೇಳಿ."

ಜರ್ಮನಿಯ ಯಾವುದೋ ಹಳ್ಳಿಯ ಪಾದ್ರಿ ಬರೆದ ನಾಲ್ಕೇ ಸಾಲು. ನಿಮ್ಮ ಮಗ ನಮ್ಮೂರಿನ ಫ್ರೀಡ್‌ಹೋಫ್‌ನಲ್ಲಿದ್ದಾನೆ ಎಂದಿತ್ತು. ಫ್ರೀಡ್‌ಹೋಫ್ ಎಂದರೆ ಸ್ಮಶಾನ. ಮೇಷ್ಟ್ರು ಅಷ್ಟು ಹೇಳಿಬಿಡಬೇಕಿತ್ತು. ನಾಲಿಗೆ ಹೊರಳಲಿಲ್ಲ.

"ಫ್ರೀಡ್‌ಹೋಫ್‌ನಲ್ಲಿದಾನಂತೆ ಕಣವ್ವ," ಎಂದರು.

"ಅಂಗಂದ್ರೆ?"

ಪುಕ್ಕಲು ಮನುಷ್ಯ, ಅಡಗಿಕೊಳ್ಳಲು ತನಗೆ ಗೊತ್ತಿದ್ದ ಜಾಗಕ್ಕೇ ಓಡಿದ. "ಅದು ಎರಡು ಪದ ಸೇರಿ ಆಗಿದ್ದು. ಹೋಫ್ ಅಂದ್ರೆ ಅಂಗಳ. ಫ್ರೀಡ್ ಅಂದ್ರೆ ಶಾಂತಿ ಅಂತ ಈಗ ಅಲ್ಲಿನ ಜನಾನೂ ತಿಳ್ಕೊಂಡಿದಾರೆ. ಮೂಲದಲ್ಲಿ ಹಂಗಲ್ಲ. ಸುತ್ತ ಬೇಲಿ ಹಾಕಿ ಕಾಪಾಡಿದ್ದು ಅಂತ." ಪಾಠ ಒಪ್ಪಿಸುತ್ತಿದ್ದಂತೆಯೇ ಮೇಷ್ಟ್ರಿಗೆ ತಮ್ಮ ಮೇಲೆ ತಮಗೇ ಅಸಹ್ಯವಾಯಿತು.

ಪುಟ್ಟಸಿದ್ದಮ್ಮ ಮೇಷ್ಟ್ರ ಕೈಲಿದ್ದ ಕಾಗದದತ್ತ ಬಗ್ಗಿ ನೋಡಿದಳು.

"ಬೇಲಿ ಬಲವಾಗದಾ ಬುದ್ಧಿ? ದನ, ಆಡು ನುಗ್ಗಾಕಿಲ್ವಾ?"

"ಇಲ್ಲವ್ವ. ಕಲ್ಲಿನ ಗೋಡೇನೇ ಕಟ್ಟಿರ್ತಾರೆ."

"ಒಳ್ಳೇದಾಯ್ತು." ಅವಳು ಕಾಗದದ ಮೇಲೆ ಮೆಲ್ಲಗೆ ಕೈಯಾಡಿಸಿದಳು. "ತಲೆ ತೆಂಕ್ಲಾಗ್ ಮಾಡಿ ಮಲಗ್ಸವ್ರಾ ನನ್ ಮಗನ್ನ? ಅದ್ನ ಬರ್ದವ್ರಾ?"

ಅವಳ ಕಡೆಯವರು ಮಣ್ಣು ಮಾಡುವಾಗ ತಲೆ ತೆಂಕಣಕ್ಕೇ ಇರಬೇಕು. ಮೇಷ್ಟ್ರು ನಾಲ್ಕು ಸಾಲನ್ನೂ ಮತ್ತೆ ಓದಿದರು. ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು. ಕಲಿತ ಜರ್ಮನ್ನೆಲ್ಲ ಅಲ್ಲಿಗೆ ಮುಗಿದಿತ್ತು.

"ಬರ್ದಿಲ್ಲ ಕಣವ್ವ."

"ಅಂಗಾದ್ರೆ ನೀವೇ ಒಂದ್ ಕಾಗ್ದ ಬರ್ದು ಕೇಳಿ ಬುದ್ಧಿ," ಎಂದು ಅವಳು ಕಂಬಕ್ಕೆ ಒರಗಿದಳು. "ಅವ್ರು ಬರ್ದು ಏಳೋಗಂಟ ನಾನ್ ಇಲ್ಲೇ ಕುಂತಿರ್ತೀನಿ."

ಉತ್ತರ ಬರಲು ತಿಂಗಳುಗಳೇ ಬೇಕು ಎಂದು ಹೇಳಲು ಮೇಷ್ಟ್ರಿಗೆ ಆ ಬೆಳಿಗ್ಗೆ ಎರಡನೆಯ ಸಲ ಬಾಯಿ ಬರಲಿಲ್ಲ.