ನೀರು ಹೊಡೆಯುವ ಕೈ

ತಂಬೂರು ಹಳ್ಳಿಯ ಜಹೀರಾ ಹನ್ನೊಂದು ವರ್ಷ, ಮನೆ ಕಟ್ಟುವ ಯಲ್ಲಪ್ಪ ಗೌಂಡಿಯ ಕೈಕೆಳಗೆ ಸಿಮೆಂಟಿನ ಬುಟ್ಟಿ ಹೊತ್ತವಳು. ಸುತ್ತಲಿನ ಹಳ್ಳಿಗಳಲ್ಲಿ ಇಪ್ಪತ್ತಾರು ಮನೆಗಳು ಅವಳ ನೆತ್ತಿಯ ಮೇಲಿಂದಲೇ ಎದ್ದಿವೆ. ಅವುಗಳಲ್ಲಿ ಒಂದರ ನೆಲವನ್ನಾದರೂ ಮುಗಿದ ಮೇಲೆ ನೋಡಿದ್ದಾಳೆಯೇ? ಎಲ್ಲಿಯ ಮಾತು! ಟೈಲ್ಸ್ ಕೂರಿಸುವ ಹೊತ್ತಿಗೆ ಬುಟ್ಟಿಯವರ ಕೆಲಸ ತೀರಿರುತ್ತದೆ. ಅವರು ಮುಂದಿನ ಊರಿನಲ್ಲಿ ಪಾಯದ ಮಣ್ಣು ಹೊರುತ್ತಿರುತ್ತಾರೆ.

ಈ ಸಲ ಯುಗಾದಿ ಮುಗಿದ ಮೇಲೆ ಅವಳ ಕತ್ತು ಹಿಡಿದುಕೊಂಡಿತು, ಎಡಗೈ ಬೆರಳುಗಳು ಜುಮುಜುಮು ಎನ್ನತೊಡಗಿದವು. ಇನ್ನು ತಲೆಯ ಮೇಲೆ ಭಾರ ಹೊರಬೇಡ ಎಂದರು ಡಾಕ್ಟರು. ಹೇಳುವುದಕ್ಕೇನು, ಹೇಳಿಬಿಟ್ಟರು! ಹೊಟ್ಟೆಗೇನು ಮಾಡಬೇಕೆಂದು ಹೇಳಲಿಲ್ಲ. ಕಟ್ಟಿ ಮುಗಿದ ಮನೆಯನ್ನು ಗೃಹಪ್ರವೇಶಕ್ಕೆ ಮೊದಲು ಸ್ವಚ್ಛ ಮಾಡಿಕೊಡುವವರು ಹುಬ್ಬಳ್ಳಿಯಲ್ಲಿದ್ದಾರೆಂದು ಜಹೀರಾ ಕೇಳಿದ್ದಳು. ಕಲಘಟಗಿ ಕಡೆಯ ಹಳ್ಳಿಗಳಿಗೆ ಅವರು ಬರುತ್ತಿರಲಿಲ್ಲ. ನಾವೇ ಯಾಕೆ ಮಾಡಬಾರದು ಎಂದು, ತನ್ನ ಜೊತೆ ಬುಟ್ಟಿ ಹೊರುತ್ತಿದ್ದ ಲಕ್ಷ್ಮವ್ವನನ್ನು ಒಪ್ಪಿಸಿದಳು.

ಯಲ್ಲಪ್ಪ ಹೊಟ್ಟೆ ಹಿಡಿದು ನಕ್ಕ. "ಕಸಾ ಹೊಡಿಯೋದೂ ಒಂದ ಧಂದೆ ಏನಬೇ? ಎಂಟ ದಿನದಾಗ ಬುಟ್ಟಿ ಹುಡಕ್ಕೋತ ನನ್ನ ಕಡೆನ ಬರ್ತಿ, ನೋಡ."

ಮೊದಲ ಕೆಲಸ ಸಿಕ್ಕಿದ್ದು ಬಮ್ಮಿಗಟ್ಟಿಯಲ್ಲಿ, ಯಲ್ಲಪ್ಪನೇ ಕಟ್ಟಿದ ಮನೆಯಲ್ಲಿ. ಮನೆಯೊಡತಿ ಸುವರ್ಣಾ, ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಶುಕ್ರವಾರ ಗೃಹಪ್ರವೇಶ. ಅವರು ಮಾತನ್ನು ನೇರವಾಗಿಯೇ ಹೇಳಿದರು. "ಗುರುವಾರ ಸಂಜೀಕ ನೋಡಾಕ ಬರ್ತೀನಿ. ಪಸಂದ ಬಂತಂದ್ರ ಅಳ್ನಾವರದಾಗ ನಮ್ಮ ಅಣ್ಣನ ಮಂಗಲ ಕಾರ್ಯಾಲಯ ಮುಗಿಯಾಕ ಬಂದೈತಿ, ಅದೂ ನಿಮಗ. ಇಲ್ಲಂದ್ರ ಅದಕ್ಕ ಹುಬ್ಬಳ್ಳಿಯವರನ್ನ ಕರಸ್ತೀನಿ. ಆಮ್ಯಾಲ ಸಿಟ್ಟಾಗಬ್ಯಾಡ್ರಿ."

ಮಂಗಳವಾರ ಬೆಳಿಗ್ಗೆ ಇಬ್ಬರೂ ಒಳಗೆ ಕಾಲಿಟ್ಟರು. ಪಡಸಾಲೆಯ ಕರಿ ಟೈಲ್ಸ್ ಮೇಲೆ ಬೆರಳುದಪ್ಪ ಸಿಮೆಂಟಿನ ಧೂಳು. ಬುಟ್ಟಿ ಹೊರುವವರು ಬೆಳಿಗ್ಗೆ ಬಂದ ಕೂಡಲೇ ಮಾಡುವ ಕೆಲಸ ಒಂದೇ, ಪೈಪು ಹಿಡಿದು ನಿನ್ನೆ ಕಟ್ಟಿದ್ದಕ್ಕೆಲ್ಲ ನೀರು ಹೊಡೆಯುವುದು. ಹನ್ನೊಂದು ವರ್ಷದ ರೂಢಿ, ಕೈ ತಲೆಯನ್ನು ಕೇಳುತ್ತದೆಯೇ? ಜಹೀರಾ ಪೈಪು ಹಚ್ಚಿದಳು, ಲಕ್ಷ್ಮವ್ವ ಬರಲು ಪೊರಕೆಯಿಂದ ರಾಡಿಯನ್ನು ಹೊರಗೆ ತಳ್ಳಿದಳು. ಒದ್ದೆ ನೆಲ ಕನ್ನಡಿಯ ಹಾಗೆ ಹೊಳೆಯಿತು. ಇಷ್ಟೇನಾ ಈ ಕೆಲಸ ಎಂದು ನಗುತ್ತ ಬಸ್ಸು ಹತ್ತಿದರು.

ಬುಧವಾರ ಬಾಗಿಲು ತೆಗೆದರೆ ಪಡಸಾಲೆ ಪೂರ್ತಿ ಬೆಳ್ಳಗೆ! ಉಳಿದ ಸಿಮೆಂಟ್ ರಾತ್ರಿಯಲ್ಲಿ ನೀರು ಕುಡಿದು ಟೈಲ್ಸಿಗೆ ಕಚ್ಚಿಕೊಂಡಿತ್ತು. ಉಗುರಿನಿಂದ ಕೆರೆದರೆ ಉಗುರೇ ಸವೆಯಿತು.

"ಅಯ್ಯ ಶಿವನ! ಸಿಮೆಂಟಿಗೆ ನೀರ ಹೊಡದ್ರ ಗಟ್ಟಿ ಆಕ್ಕೈತಿ ಅಂತ ನಮಗ ಗೊತ್ತಿರಲಿಲ್ಲೇನಬೇ?" ಎಂದು ಲಕ್ಷ್ಮವ್ವ ಹಣೆ ಚಚ್ಚಿಕೊಂಡಳು. ಜಹೀರಾಗೆ ನಾಚಿಕೆಯಿಂದ ಅಳುವೇ ಬಂತು. ಗೊತ್ತಿಲ್ಲದವರು ಮಾಡಿದ್ದರೆ ಒಂದು ಮಾತು. ಗೊತ್ತಿದ್ದೂ ಮಾಡಿದ್ದಕ್ಕೆ ಏನನ್ನಬೇಕು?

ಅಷ್ಟರಲ್ಲಿ ಯಲ್ಲಪ್ಪ ತನ್ನ ಹಲಗೆಗಳನ್ನು ಒಯ್ಯಲು ಬಂದ. ಸಿಮೆಂಟು ಹತ್ತಿದ ಚಪ್ಪಲಿಯಲ್ಲೇ ಒಳಗೆ ನಡೆದು ನೆಲ ನೋಡಿದ, ಮೀಸೆಯಲ್ಲೇ ನಕ್ಕ. "ಆ್ಯಸಿಡ್ ಹೊಯ್ಯಿ. ತಾಸಿನಾಗ ಎಲ್ಲಾ ಬಿಟ್ಟ ಹೊಕ್ಕೈತಿ."

"ಕಾಕಾ, ಕುಂದಗೋಳದ ಮನ್ಯಾಗ ನೀವು ಆ್ಯಸಿಡ್ ಹೊಯ್ದ ಮ್ಯಾಲ ಟೈಲ್ಸಿನ ಸಂದು ಎಲ್ಲಾ ತಿಂದ ಹೋಗಿದ್ವು. ತಿರಗಿ ತುಂಬಾಕ ಹೊಸ್ತಲತನಕ ಸಿಮೆಂಟ್ ಹೊತ್ತಾಕಿ ನಾನ."

ಯಲ್ಲಪ್ಪ ಹಲಗೆ ಹೊತ್ತುಕೊಂಡು ಹೋದ. ಅವನ ಬಾಯಿ ಮುಚ್ಚಿಸಿದ್ದಾಯಿತು, ನೆಲ ಮಾತ್ರ ಬೆಳ್ಳಗೇ ಇತ್ತು. ಲಕ್ಷ್ಮವ್ವ ಬಗ್ಗಿ ಒಂದು ಟೈಲ್ಸನ್ನು ಮತ್ತೆ ಕೆರೆದು ನೋಡಿ, "ಹುಣಸಿಹಣ್ಣು ಹಚ್ಚಿ ನೋಡೂಣೇನ? ಹಿತ್ತಾಳಿ ಕೊಡಾ ತಿಕ್ಕೂದಿಲ್ಲೇನ, ಹಂಗ" ಎಂದಳು. ಅಂಗಡಿಯಿಂದ ಹುಣಸೆಹಣ್ಣು ತಂದು ನೆನೆಹಾಕಿ ಕಿವುಚಿದರು. ಯಾರ ಕಣ್ಣಿಗೂ ಬೀಳದ, ಬಾಗಿಲ ಹಿಂದಿನ ಒಂದು ಟೈಲ್ಸಿಗೆ ಬಳಿದು, ತುಸು ಹೊತ್ತು ಬಿಟ್ಟು ತೆಂಗಿನ ನಾರಿನಿಂದ ತಿಕ್ಕಿದರು. ಒಂದು ಸಲಕ್ಕೆ ಹೋಗಲಿಲ್ಲ. ಮೂರನೆಯ ಸಲಕ್ಕೆ ಕರಿ ಬಣ್ಣ ಇಣುಕಿತು. ಸಂದಿಗೆ ಏನೂ ಆಗಿರಲಿಲ್ಲ.

ಒಂದು ಟೈಲ್ಸ್ ಆಯಿತು, ಇನ್ನು ನೂರಾ ಎಂಬತ್ತು! ಜಹೀರಾ ಮೊದಲು ಎದ್ದು ನೀರಿನ ಪೈಪನ್ನು ಸುತ್ತಿ, ಹೊರಗೆ ಕಟ್ಟಿಗೆಯ ರಾಶಿಯ ಹಿಂದೆ ಎಸೆದು ಬಂದಳು. ನೀರು ಬೀಳದೆ ಉಳಿದ ಕೋಣೆಗಳಲ್ಲಿ ಮೂಗಿಗೆ ಬಟ್ಟೆ ಕಟ್ಟಿ, ಮೇಲಿನಿಂದ ಕೆಳಗೆ ಒಣ ಧೂಳನ್ನೇ ಗುಡಿಸಿ ಚೀಲ ತುಂಬಿದರು. ಪಡಸಾಲೆಯಲ್ಲಿ ಮಾತ್ರ ಎರಡು ದಿನ ಮೊಣಕಾಲೂರಿ ತಿಕ್ಕಿದರು. ಬೆರಳ ಸಂದಿಯೆಲ್ಲ ಹುಳಿಗೆ ಉರಿಯಿತು. ಆದರೆ ಕತ್ತಿನ ಮೇಲೆ ಭಾರವಿರಲಿಲ್ಲ, ಅದಕ್ಕೇ ಜಹೀರಾ ದೇವರಿಗೆ ಶುಕ್ರಿಯಾ ಹೇಳಿದಳು.

ಗುರುವಾರ ಸಂಜೆ ಸುವರ್ಣಾ ಅಕ್ಕೋರು ಬಂದರು, ಹಿಂದೆಯೇ ಯಲ್ಲಪ್ಪ. ಅಕ್ಕೋರು ಚಪ್ಪಲಿ ಕಳಚಿ ಬರಿಗಾಲಲ್ಲಿ ಅಡುಗೆಮನೆ, ಪಡಸಾಲೆ, ಕೋಣೆ ಎಲ್ಲ ತಿರುಗಿದರು. ಆಮೇಲೆ ಗೋಡೆ ಹಿಡಿದು, ಪಾದ ಎತ್ತಿ ಅಂಗಾಲು ನೋಡಿಕೊಂಡರು. ಜಹೀರಾ ತಾನೂ ಬಗ್ಗಿ ನೋಡಿದಳು. ಅಂಗಾಲಿಗೆ ಏನೂ ಹತ್ತಿರಲಿಲ್ಲ.

"ಸೋಮವಾರ ನೀವು ಬರ್ತೀರಿ ಅಂತ ಅಣ್ಣಗ ಫೋನ್ ಹಚ್ಚಿ ಹೇಳ್ತೀನಿ ತಡೀರಿ" ಎನ್ನುತ್ತ ಅವರು ಅಂಗಳಕ್ಕಿಳಿದರು.

ಯಲ್ಲಪ್ಪ ಇನ್ನೂ ಹೊಸ್ತಿಲ ಆಚೆಯೇ ಇದ್ದ. ನೆಲ ನೋಡಿದ, ತನ್ನ ಚಪ್ಪಲಿ ನೋಡಿದ. ಯಾರೂ ಹೇಳದೆಯೇ ಅವನ್ನು ಕಳಚಿಟ್ಟು ಒಳಗೆ ಬಂದು, ಕುಕ್ಕರಗಾಲಲ್ಲಿ ಕುಳಿತು, ಟೈಲ್ಸಿನ ಸಂದಿಯ ಮೇಲೆ ಹೆಬ್ಬೆರಳು ಎಳೆದ.

"ಸೋಮವಾರ ಸ್ಲ್ಯಾಬ್ ಹಾಕೂದೈತಿ. ಬುಟ್ಟಿಗೆ ಬಾ ಅಂತ ಹೇಳಾಕ ಬಂದಿದ್ದೆ."

"ಸೋಮವಾರ ಅಳ್ನಾವರಕ್ಕ ಹೋಗಬೇಕ್ರಿ ಕಾಕಾ."

"ಹೌದಲಾ" ಎಂದು ಅವನು ಎದ್ದ.

ಅವರಿಬ್ಬರೂ ಹೋದ ಮೇಲೆ ಜಹೀರಾ ಪಡಸಾಲೆಯ ನಡುವೆ ಕಾಲು ಚಾಚಿ ಕುಳಿತಳು. ಅವಳ ಕೈ ತಾಗಿದ ಇಪ್ಪತ್ತೇಳನೆಯ ಮನೆ ಇದು, ಮುಗಿದ ಮೇಲೆ ನೋಡಿದ ಮೊದಲನೆಯದು. ತಣ್ಣನೆಯ ನೆಲದ ಮೇಲೆ ಎರಡೂ ಅಂಗೈಗಳನ್ನು ಊರಿದಳು.

"ಅಕ್ಕಾ, ನಾವ ಕಟ್ಟಿದ ಮನಿ ಒಳಗ ಹಿಂಗ ಇರ್ತಾವೇನ?"

ಲಕ್ಷ್ಮವ್ವ ಸುತ್ತ ಒಮ್ಮೆ ಕಣ್ಣಾಡಿಸಿದಳು. ಬಸ್ಸಿಗೆ ಹೊತ್ತಾಗಿತ್ತು. ಆದರೂ ಬಂದು ಅವಳ ಬಾಜು ಕುಳಿತುಕೊಂಡಳು.