ಕೊಲೆಗಾರ ಸಿಗದ ಪುಸ್ತಕಗಳು

ಆ ಊರಲ್ಲಿ ಹಿಮ ಬಿತ್ತೆಂದರೆ ಕೊಲೆಗಳಿಗೆ ಸುಗ್ಗಿ. ಗಾಬರಿ ಬೇಡ, ಎಲ್ಲವೂ ಪುಸ್ತಕದೊಳಗಿನವು. ಹಾದಿ ಹೂತುಹೋದ ದಿನಗಳಲ್ಲಿ ಜನ ಲೈಬ್ರರಿಗೆ ಬಂದು, ತಮ್ಮೂರಿನಂಥದೇ ಹಿಮದೂರಿನ ಪತ್ತೇದಾರಿ ಕಾದಂಬರಿ ಒಯ್ಯುತ್ತಿದ್ದರು. ಕೂತರೆ ಏಳಲಾಗದ, ಎದ್ದರೆ ಕೂರಲಾಗದ ಮೊಣಕಾಲುಗಳ ಲೈಬ್ರರಿಯಮ್ಮ ಅವನ್ನೇ ಎತ್ತಿಟ್ಟು ಎತ್ತಿಟ್ಟು ಸೋತಿದ್ದಳು.

ಸಮಿತಿಯ ಹೊಸ ಅಧ್ಯಕ್ಷರು ಟೋಪಿಯ ಹಿಮವನ್ನೂ ಕೊಡವದೆ ಬಂದು ಪುಸ್ತಕವನ್ನು ಮೇಜಿಗೆ ಕುಕ್ಕಿದರು.

"ಏನಮ್ಮ ಇದು? ಕೊಲೆಗಾರ ಯಾರು ಅನ್ನೋ ಹೊತ್ತಿಗೆ ಪುಟಗಳೇ ಮಾಯ! ಇದು ಮೂರನೇದು. ಎಲ್ಲಾ ನಿಮ್ಮ ಬೈಂಡಿಂಗ್ ತಾತ ಕಟ್ಟಿದ್ದೇ. ಸಂಜೆ ಬರ್ತೀನಿ. ಸರಿಯಾದ ಉತ್ತರ ಇಲ್ದಿದ್ರೆ ನಾಳೆಯಿಂದ ಅವನು ಬರೋದು ಬೇಡ."

ತಾತನಿಗೆ ಹಿಂದಿನ ಕೋಣೆಯೇ ಮನೆ, ಅಲ್ಲಿನ ಒಲೆಯೇ ಬಳಗ. ಈ ಚಳಿಯಲ್ಲಿ ಎಲ್ಲಿಗೆ ಹೋದಾನು?

ಅವಳು ಕಾಲೆಳೆದುಕೊಂಡು ಆ ಕೋಣೆಯ ಬಾಗಿಲಿಗೆ ಬಂದಳು. ಒಲೆಯ ಮೇಲೆ ಅಂಟು ಕುದಿಯುತ್ತಿತ್ತು. ತಾತ ಹಳೆಯ ಪುಸ್ತಕವೊಂದನ್ನು ಬಿಚ್ಚಿ, ಪುಟಗಳ ಕಟ್ಟುಗಳನ್ನು ಒಂದರ ಮೇಲೊಂದಿಟ್ಟು ಒತ್ತುಯಂತ್ರದಿಂದ ಆಗಷ್ಟೇ ತೆಗೆದಿದ್ದ. ಅಂಟು ತಾಗದಿರಲೆಂದು ಅಡಿಯಲ್ಲಿ ರದ್ದಿ ಕಾಗದ ಇಡುವುದು, ಆಮೇಲೆ ಅದನ್ನು ಒಲೆಗೆ ಹಾಕುವುದು ಅವನ ಪದ್ಧತಿ. ಈಗ ಬೆರಳಿನಿಂದ ತಡಕಿ, ಅಡಿಯ ಕಟ್ಟನ್ನೆತ್ತಿ ಒಲೆಗೆ ಹಾಕಿದ. ರದ್ದಿಯನ್ನು ಇಡಲು ಮರೆತಿದ್ದ. ಉರಿದದ್ದು ಕಥೆಯ ಕೊನೆ. ತಾತನ ಮಬ್ಬುಗಟ್ಟಿದ ಕಣ್ಣು ಎತ್ತಲೋ ನೋಡುತ್ತಿತ್ತು.

ಅವಳು ಹಿಂದಿರುಗಿದಳು. ಮೇಜಿನ ಬಳಿ ಹಾಲಿನವಳು ಅಧ್ಯಕ್ಷರು ಕುಕ್ಕಿಹೋದ ಪುಸ್ತಕ ಹಿಡಿದು ಕಾಯುತ್ತಿದ್ದಳು.

"ಇದು ಬೇಡಮ್ಮ, ಇದಕ್ಕೆ ಕೊನೆ ಇಲ್ಲ," ಎಂದಳು ಲೈಬ್ರರಿಯಮ್ಮ.

"ಗೊತ್ತು ಬಿಡಿ ಅಕ್ಕ. ತಾತ ಕಟ್ಟೋಕೆ ಮುಂಚೆ ಓದಿದೋರು ಆಮೇಲೆ ಓದೋರಿಗೆ ಕೊನೆ ಹೇಳ್ತಾರೆ. ನಂಗೆ ಬೇಕರಿಯವನು ಹೇಳ್ತಾನೆ, ನಾನು ಬಸ್ ಡ್ರೈವರಿಗೆ. ಊರಿಗೆ ಊರೇ ಹಿಂಗೇ ನಡೀತಿದೆ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಏನಾದ್ರೂ ಮಾಡಬೇಕಾಗ್ತಿತ್ತಲ್ಲ!"

ಲೈಬ್ರರಿಯಮ್ಮ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದಳು.

ಸಂಜೆ ಅಧ್ಯಕ್ಷರು ಬಂದರು. ಅವಳು ಕಂಡದ್ದನ್ನು ಕಂಡಹಾಗೇ ಹೇಳಿದಳು. "ಇನ್ಮೇಲೆ ಕಟ್ಟುಗಳನ್ನ ನಾನೇ ಜೋಡಿಸಿ ಕೊಡ್ತೀನಿ ಸಾರ್. ತಾತನ ಹೊಲಿಗೆ ಇವತ್ತಿಗೂ ಬಿಚ್ಚಿಲ್ಲ."

"ನಿಮಗೇ ನಿಲ್ಲೋಕಾಗಲ್ಲ."

"ಕೂತು ಮಾಡೋ ಕೆಲಸ ಅಲ್ವಾ ಸಾರ್."

ಅಧ್ಯಕ್ಷರು ಟೋಪಿ ಸರಿಮಾಡಿಕೊಂಡರು. "ಇನ್ನೊಂದು ಪುಸ್ತಕ ಹೀಗೆ ಬಂದ್ರೆ ಇಬ್ಬರೂ ಹೊರಗೆ." ಬಾಗಿಲವರೆಗೆ ಹೋಗಿ ಮತ್ತೆ ತಿರುಗಿದರು. "ಅಲ್ಲಮ್ಮ... ನಾನು ತಂದ ಪುಸ್ತಕದಲ್ಲಿ ಕೊಂದವರು ಯಾರು?"

"ಬೇಕರಿಯವನನ್ನ ಕೇಳಿ ಸಾರ್, ಅವನಿಗೆ ಗೊತ್ತು."

ಅವರು ಹಿಮದಲ್ಲಿ ಕಾಲು ಹೂಳುತ್ತ ಬೇಕರಿಯ ಕಡೆಗೇ ನಡೆದರು. ಲೈಬ್ರರಿಯಮ್ಮ ಸ್ಟೂಲನ್ನು ಎಳೆದುಕೊಂಡು ಹಿಂದಿನ ಕೋಣೆಗೆ ಹೋದಳು.

"ಯಾರು? ಏನಮ್ಮ, ಚಳಿಯಾ?" ಎಂದ ತಾತ.

"ಹೂಂ ತಾತ. ಒಂಚೂರು ಜರುಗಿ," ಎಂದು ಅವಳು ಒಲೆಗೂ ಅವನಿಗೂ ನಡುವೆ ಕೂತಳು.