ಚೆಲ್ಲಾಪಿಲ್ಲಿ ಕಾಂಡ

ನಮ್ಮತ್ತೆಗೆ ಒಂದು ಕಾಯಿಲೆ ಇದೆ: ಯಾವುದೂ ಅಡ್ಡಾದಿಡ್ಡಿ ಇರಬಾರದು. ಚಪ್ಪಲಿ, ಚಮಚ, ನನ್ನ ಗಂಡನ ತಲೆಗೂದಲು, ಎಲ್ಲವೂ ನೆಟ್ಟಗಿರಬೇಕು. ಇರಲಿ ಬಿಡಿ, ಅವರ ದಯೆಯಿಂದ ಹುಡುಕದೆಯೇ ಕತ್ತರಿ ಸಿಗುತ್ತದೆ. ಅವತ್ತು ಮಾತ್ರ ನನ್ನ ಅನ್ನಕ್ಕೇ ಕಲ್ಲು ಹಾಕಲು ಹೊರಟಿದ್ದರು.

ಶಾಲೆಯೊಂದರಲ್ಲಿ ಜೀವಶಾಸ್ತ್ರದ ಟೀಚರ್ ಬೇಕಿತ್ತು. ಹೋದಲ್ಲೆಲ್ಲ ಬೇಡ ಅನ್ನಿಸಿಕೊಂಡು ಬಂದವಳು ನಾನು. ಇದೂ ತಪ್ಪಿದರೆ ಪಾಠ ಹೇಳುವ ಆಸೆಯನ್ನೇ ಬಿಡಬೇಕಿತ್ತು. ಹೆಡ್‌ಮಿಸ್ ಎದುರು ಒಂದು ಪಾಠ ಮಾಡಿ ತೋರಿಸಬೇಕಿತ್ತು. ಜೇಡಿಮಣ್ಣಿನಲ್ಲಿ ತಟ್ಟೆಯಗಲದ ಎರಡು ಬಿಲ್ಲೆ ತಟ್ಟಿ, ಅಡ್ಡಲಾಗಿ ಕೊಯ್ದ ಕಾಂಡದ ಹಾಗೆ ಮಾಡಿದ್ದೆ. ನೀರು ಏರುವ ನಾಳಕ್ಕೆ ಕೆಂಪು ಸ್ಟ್ರಾ, ಆಹಾರ ಸಾಗಿಸುವ ನಾಳಕ್ಕೆ ಹಸಿರು. ಎರಡನ್ನೂ ಜೋಡಿಜೋಡಿಯಾಗಿ ಚುಚ್ಚಿದ್ದೆ. ಸೂರ್ಯಕಾಂತಿಯ ಕಾಂಡದಲ್ಲಿ ಈ ಜೋಡಿಗಳು ಬಳೆಯ ಹಾಗೆ ಸುತ್ತ ನಿಲ್ಲುತ್ತವೆ. ಜೋಳದ ಕಾಂಡದಲ್ಲಿ ಚೆಲ್ಲಾಪಿಲ್ಲಿ. ಪಾಠವೆಲ್ಲ ಇರುವುದೇ ಆ ವ್ಯತ್ಯಾಸದಲ್ಲಿ.

ಕ್ಲಾಸಿನಲ್ಲಿ ಡಬ್ಬಿಯ ಮುಚ್ಚಳ ತೆಗೆದೆ. ಎರಡೂ ಸೂರ್ಯಕಾಂತಿ! ನಾನು ಸ್ನಾನಕ್ಕೆ ಹೋಗಿದ್ದಾಗ ಅತ್ತೆ ಜೋಳವನ್ನು ತಿದ್ದಿಬಿಟ್ಟಿದ್ದರು. ಹಳೆಯ ತೂತುಗಳನ್ನೂ ಸವರಿ ನುಣ್ಣಗೆ ಮಾಡಿದ್ದರು. ಹಿಂದಿನ ಬೆಂಚಿನಲ್ಲಿ ಹೆಡ್‌ಮಿಸ್ ಕನ್ನಡಕ ಸರಿಮಾಡಿಕೊಂಡರು.

ಬೇರೆ ದಾರಿ ಇರಲಿಲ್ಲ. ಜೋಳದ ಸ್ಟ್ರಾಗಳನ್ನೆಲ್ಲ ಕಿತ್ತು ಮಕ್ಕಳ ಕೈಗೆ ಕೊಟ್ಟು, ಸಾಲು ತಪ್ಪಿಸಿ ಚುಚ್ಚಿ ಎಂದೆ. ಒಬ್ಬಳು ನಕ್ಷತ್ರ ಮಾಡಿದಳು, ಇನ್ನೊಬ್ಬ ಚೌಕ. ಶಿಸ್ತಿನ ಶಾಲೆ ನೋಡಿ, ಪಾಪ, ಗಲೀಜು ಮಾಡುವುದೇ ಅವಕ್ಕೆ ಗೊತ್ತಿಲ್ಲ. ಕೊನೆಗೆ ಹೆಡ್‌ಮಿಸ್ಸೇ ತಡೆಯಲಾರದೆ ಎದ್ದು ಬಂದು, ಕಣ್ಣು ಮುಚ್ಚಿಕೊಂಡು ಎಲ್ಲೆಂದರಲ್ಲಿ ಚುಚ್ಚತೊಡಗಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ಮಕ್ಕಳೇ ಎರಡೂ ಬಿಲ್ಲೆಗಳನ್ನು ಅಕ್ಕಪಕ್ಕ ಇಟ್ಟು, ಯಾವುದು ಜೋಳ, ಯಾವುದು ಸೂರ್ಯಕಾಂತಿ, ಯಾಕೆ ಎಂದು ನನಗೇ ಪಾಠ ಹೇಳಿದರು.

ಸೋಮವಾರದಿಂದ ಬನ್ನಿ ಎಂದರು ಹೆಡ್‌ಮಿಸ್, ಉಗುರಿನ ಮಣ್ಣು ಕೆರೆದುಕೊಳ್ಳುತ್ತಾ.

ಮನೆಗೆ ಬಂದವಳೇ, ಕೆಲಸ ಸಿಕ್ಕಿತು ಎನ್ನುವುದಕ್ಕೂ ಮೊದಲು, ಅದನ್ನು ಯಾಕೆ ಮುಟ್ಟಿದಿರಿ ಎಂದು ಅತ್ತೆಯ ಮೇಲೆ ಹರಿಹಾಯ್ದೆ. ಅವರ ಮುಖ ಬಿಳಿಚಿಕೊಂಡಿತು.

"ಈ ಸಲಾನೂ ನಿನ್ನ ಬೇಡ ಅಂದ್ಬಿಟ್ರೆ ಅಂತ ಎದೆ ಢವಢವ ಅಂತಿತ್ತು ಕಣೆ," ಎಂದರು. "ಕೈ ಸುಮ್ನಿರ್ಲಿಲ್ಲ."

ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಕೆಲಸ ಸಿಕ್ಕಿತು ಎಂದು ಹೇಳಿ, ಅತ್ತೆಯನ್ನು ತಬ್ಬಿಕೊಂಡು ಅತ್ತೆ.